ಹವಳಕ್ಕೂ ಬೇಕು ಅದರದ್ದೇ ಜಾಗ

ಕಳೆದ ವರ್ಷ ಮದ್ರಸದ ರಜೆಯಲ್ಲಿ ನಾವು ಒಂದು ತಿಂಗಳು ಶಾರ್ಜಾದಲ್ಲಿದ್ದೆವು. ನಮ್ಮ ಮನೆಯವರ ತಮ್ಮ 14 ವರ್ಷಗಳಿಂದ ಅಲ್ಲಿ ಕೆಲಸದಲ್ಲಿದ್ದಾನೆ. ಹೆಂಡತಿ, ಇಬ್ಬರು ಮಕ್ಕಳು ಜೊತೆಗಿದ್ದಾರೆ. ಫ್ಲಾಟ್‌ನ ಬಾಗಿಲು ದಾಟಿ ಒಳಗೆ ಹೋದರೆ, ಹಾಲ್‌ನಲ್ಲಿ ಟಿ.ವಿ. ಇರಬೇಕಾದ ಜಾಗದಲ್ಲಿ ನಾಲ್ಕು ಅಡಿ ಉದ್ದದ ಗಾಜಿನ ತೊಟ್ಟಿ. ಒಳಗೆ ನೀಲಿ ಬೆಳಕು, ಕಲ್ಲಿನ ರಾಶಿ, ಅದರ ಮೇಲೆ ಹಸಿರು, ನೇರಳೆ, ಕಿತ್ತಳೆ ಬಣ್ಣದ ಏನೇನೋ ಅಲ್ಲಾಡುತ್ತಿದ್ದವು.

‘ಗಿಡಗಳು ಚೆನ್ನಾಗಿ ಬಂದಿವೆ’ ಅಂದೆವು.

ಒಂಬತ್ತು ವರ್ಷದ ಸೊಸೆ ನಕ್ಕಳು. ‘ಮಾಮ, ಅದು ಗಿಡ ಅಲ್ಲ, ಜೀವಿ. ರಾತ್ರಿ ಊಟ ಮಾಡ್ತದೆ.’

ಚಾ ತಂದಿಟ್ಟ ಅವಳ ತಾಯಿಗೆ ಮಾತ್ರ ನಗು ಬರಲಿಲ್ಲ. ‘ಕಳೆದ ರಜೆಗೆ ಊರಿಗೆ ಬರುವ ಟಿಕೆಟಿನ ದುಡ್ಡು ಇದರೊಳಗೆ ಮುಳುಗಿ ಉಂಟು ಉಸ್ತಾದರೇ. ನೀವಾದರೂ ಇವರಿಗೆ ಹೇಳಿ’ ಅಂದರು.

ಹೇಳಲಿಕ್ಕೆ ನಮಗೆ ಏನು ಗೊತ್ತು? ನಮಗೆ ಗೊತ್ತಿದ್ದ ಹವಳ ಒಂದೇ, ನಮ್ಮ ಅಜ್ಜಿಯ ಶೋಕೇಸಿನಲ್ಲಿದ್ದದ್ದು. ಬಂದರಿಗೆ ದ್ವೀಪದ ಮಂಜಿಗಳು ಬರುತ್ತಿದ್ದ ಕಾಲದಲ್ಲಿ ಯಾರೋ ಕೊಟ್ಟ ಬಿಳಿಯ ಕೊಂಬೆಯಂಥ ತುಂಡು. ಗಾಜಿನ ಲೋಟಗಳ ಪಕ್ಕ, ಪ್ಲಾಸ್ಟಿಕ್ ಹೂವಿನ ಹಿಂದೆ ಅದಕ್ಕೊಂದು ಜಾಗವಿತ್ತು. ಹಬ್ಬದ ಮುಂಚೆ ತೊಳೆದು ಮತ್ತೆ ಅಲ್ಲೇ ಇಡುತ್ತಿದ್ದರು. ಅದು ಒಂದು ಕಾಲದಲ್ಲಿ ಜೀವ ಇದ್ದದ್ದು, ಬಿಳಿ ಎಂಬುದು ಅದರ ಬಣ್ಣವೇ ಅಲ್ಲ, ಮಾಂಸ ಕಳಚಿ ಉಳಿದ ಎಲುಬು ಎಂದು ನಮಗೆ ಯಾರೂ ಹೇಳಿರಲಿಲ್ಲ. 40 ದಾಟಿದ ಮೇಲೆ ಶಾರ್ಜಾದ ಒಂದು ಹಾಲ್‌ನಲ್ಲಿ ಚಿಕ್ಕ ಹುಡುಗಿಯಿಂದ ಕಲಿಯಬೇಕಾಯಿತು.

ರಾತ್ರಿ ಕಂಡ ಜಗಳ

ಮೂರನೇ ದಿನ ರಾತ್ರಿ ಹಾಲ್‌ನ ಲೈಟ್ ಆರಿಸಿ, ಟಾರ್ಚಿಗೆ ಕೆಂಪು ಕಾಗದ ಸುತ್ತಿ ಅವನು ನಮ್ಮನ್ನು ತೊಟ್ಟಿಯ ಮುಂದೆ ಕರೆದ. ಕೆಂಪು ಬೆಳಕು ಹವಳಗಳಿಗೆ ಹೆಚ್ಚು ತೊಂದರೆ ಕೊಡುವುದಿಲ್ಲವಂತೆ. ಹಗಲು ಚಿಕ್ಕ ಚಿಕ್ಕ ನಕ್ಷತ್ರಗಳ ಗೊಂಚಲಿನಂತೆ ಕಂಡ ಗೆಲಾಕ್ಸಿಯಾ ಎಂಬ ಹವಳದಿಂದ ಈಗ ಉದ್ದುದ್ದ ಬಿಳಿ ನೂಲುಗಳು ಹೊರಗೆ ಬಂದಿದ್ದವು. ನೀರಿನ ಸೆಳೆತಕ್ಕೆ ತೇಲಿ ಪಕ್ಕದ ಇನ್ನೊಂದು ಹವಳವನ್ನು ಸವರುತ್ತಿದ್ದವು. ಸವರಿದ ಕಡೆ ಆ ಬಡಪಾಯಿಯ ಮಾಂಸ ಕರಗಿ ಒಳಗಿನ ಬಿಳಿ ಎಲುಬು ಕಾಣುತ್ತಿತ್ತು.

‘ಐದು ಸತ್ತವು ಭಾವ’ ಅಂದ. ‘ಹನ್ನೊಂದು ತಂದಿದ್ದೆ. ರೋಗ ಅಂದುಕೊಂಡೆ. ನೀರು ಬದಲಿಸಿದೆ, ಮದ್ದು ಹಾಕಿದೆ. ಕಡೆಗೆ ಒಂದು ರಾತ್ರಿ ಎದ್ದು ಕೂತು ನೋಡಿದಾಗ ಗೊತ್ತಾಯ್ತು, ತಪ್ಪು ನನ್ನದೇ. ಬಣ್ಣ ನೋಡಿ ಹೊಂದಿಸಿ ಇಟ್ಟಿದ್ದೆ, ಶೋಕೇಸಿನಲ್ಲಿ ಇಟ್ಟ ಹಾಗೆ.’

ಈ ಜಗಳ ಹೊಸತಲ್ಲ. ಹವಳಗಳು ಹೀಗೆ ಒಂದನ್ನೊಂದು ಕೊಲ್ಲುತ್ತವೆ ಎಂಬುದನ್ನು ಜುಡಿತ್ ಲ್ಯಾಂಗ್ ಎಂಬ ವಿಜ್ಞಾನಿ 1970ರ ದಶಕದ ಆರಂಭದಲ್ಲಿ ಜಮೈಕಾದ ಸಮುದ್ರದಲ್ಲಿ ನೋಡಿ ಬರೆದರು. ಕೆಲವು ಹವಳಗಳು ಹೊಟ್ಟೆಯೊಳಗಿನ ಜೀರ್ಣದ ಎಳೆಗಳನ್ನೇ ಹೊರಗೆ ಹಾಕಿ ಪಕ್ಕದ್ದನ್ನು ಇದ್ದಲ್ಲೇ ಕರಗಿಸುತ್ತವೆ. ಕೆಲವು ರಾತ್ರಿ ಉದ್ದದ ಚುಚ್ಚುವ ನೂಲುಗಳನ್ನು ಬಿಡುತ್ತವೆ. ಮೆತ್ತನೆಯ ಹವಳಗಳಲ್ಲಿ ಕೆಲವು ಮುಟ್ಟುವುದೂ ಇಲ್ಲ, ನೀರಿಗೆ ಒಂದು ಬಗೆಯ ವಿಷ ಬಿಟ್ಟು ನೆರೆಯವರನ್ನು ಬೆಳೆಯಲು ಬಿಡುವುದಿಲ್ಲ. ಸಮುದ್ರದಲ್ಲಾದರೆ ನೀರು ಹರಿದು ಹೋಗುತ್ತದೆ, ಜಾಗ ವಿಶಾಲ. ನಾಲ್ಕು ಅಡಿ ಗಾಜಿನೊಳಗೆ ಎಲ್ಲಿಗೆ ಹೋಗುವುದು?

ಕೈಬ್ರಷ್ಷಿನಿಂದ ಬಂದ ಜ್ವರ

ಮನೆಯಾಕೆಯ ಸಿಟ್ಟಿಗೆ ದುಡ್ಡು ಮಾತ್ರ ಕಾರಣವಲ್ಲ ಎಂದು ಆಮೇಲೆ ತಿಳಿಯಿತು. ನಾವು ಹೋಗುವ ಎರಡು ತಿಂಗಳ ಮುಂಚೆ ಇವನು ಗುಂಡಿಯ ಹಾಗೆ ಕಾಣುವ ಝೋವಾಂಥಿಡ್ ಹವಳ ತುಂಬಿದ್ದ ಒಂದು ಕಲ್ಲನ್ನು ಹೊರಗೆ ತೆಗೆದು, ಅಡುಗೆಮನೆಯ ಸಿಂಕಿನಲ್ಲಿ ಬಿಸಿನೀರು ಬಿಟ್ಟು ಬ್ರಷ್ಷಿನಲ್ಲಿ ತಿಕ್ಕಿದ್ದನಂತೆ. ಚಿಕ್ಕ ಮಗ ಅಲ್ಲೇ ಆಡುತ್ತಿದ್ದ. ಆ ರಾತ್ರಿ ಇವನಿಗೆ ಚಳಿ, ಕೆಮ್ಮು, ಎದೆ ಹಿಡಿದ ಹಾಗೆ. ಮಗನಿಗೂ ಕೆಮ್ಮು. ಆಸ್ಪತ್ರೆಗೆ ಹೋದರೆ ಅಲ್ಲಿ ಜ್ವರದ ಮದ್ದು ಕೊಟ್ಟರು. ಹವಳದ ವಿಷಯ ಹೇಳಬೇಕೆಂದು ಇವನಿಗೂ ತೋಚಲಿಲ್ಲ. ಮರುದಿನ ಗೆಳೆಯನೊಬ್ಬ ಕೇಳಿ ಗಾಬರಿಯಾದ ಮೇಲೆ ಮತ್ತೆ ಹೋಗಿ ಹೇಳಿದರು. ಮೂರು ದಿನದಲ್ಲಿ ಇಬ್ಬರಿಗೂ ಗುಣವಾಯಿತು.

ಇದನ್ನು ನಾವು ಸ್ವಲ್ಪ ಬಿಡಿಸಿ ಬರೆಯುತ್ತೇವೆ. ಗಲ್ಫ್‌ನಲ್ಲಿ ಹೀಗೆ ತೊಟ್ಟಿ ಇಟ್ಟುಕೊಂಡ ನಮ್ಮವರ ಮನೆಗಳು ಬೇರೆಯೂ ಇರಬಹುದು, ಅಲ್ಲಿಯೂ ಚಿಕ್ಕ ಮಕ್ಕಳಿರಬಹುದು. ಝೋವಾಂಥಿಡ್, ಪಾಲಿಥೋವಾ ಎಂಬ ಈ ಗುಂಡಿ ಹವಳಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಎಂಬ ವಿಷ ಇರುತ್ತದೆ. 1971ರಲ್ಲಿ ಹವಾಯಿ ದ್ವೀಪದ ಒಂದು ಜಾತಿಯಿಂದ ಅದನ್ನು ಬೇರ್ಪಡಿಸಿದರು. ಗೊತ್ತಿರುವ ಅತಿ ಉಗ್ರ ವಿಷಗಳಲ್ಲಿ ಅದೂ ಒಂದು. ತೊಟ್ಟಿಯೊಳಗೆ ಸುಮ್ಮನೆ ಇದ್ದರೆ ಅಪಾಯ ಕಡಿಮೆ. ಕತ್ತರಿಸಿದಾಗ, ತಿಕ್ಕಿದಾಗ, ಮುಖ್ಯವಾಗಿ ಬಿಸಿನೀರು ಹೊಯ್ದಾಗ ಅಥವಾ ಕಲ್ಲನ್ನು ಕುದಿಸಿದಾಗ ವಿಷ ಹಬೆಯ ಜೊತೆ ಗಾಳಿಗೆ ಸೇರಿ ಇಡೀ ಮನೆಯವರ ಎದೆಗೆ ಹೋಗುತ್ತದೆ. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನಲ್ಲಿ ಮನೆಯ ತೊಟ್ಟಿಯ ಹವಳ ಶುಚಿ ಮಾಡುವಾಗ ಹೀಗಾಗಿ, ಮನೆಯವರ ಜೊತೆ ಅವರ ನೆರವಿಗೆ ಬಂದ ಸಿಬ್ಬಂದಿಯೂ ಆಸ್ಪತ್ರೆ ಸೇರಬೇಕಾಯಿತು.

ಆದ್ದರಿಂದ ಗಾಯವಿರುವ ಕೈಯನ್ನು ತೊಟ್ಟಿಗೆ ಹಾಕಬಾರದು. ಹವಳ ಮುಟ್ಟುವಾಗ ಕೈಗವಸು, ಕಣ್ಣಿಗೆ ಕನ್ನಡಕ ಇರಬೇಕು. ಹವಳದ ಕಲ್ಲು ಅಡುಗೆಮನೆಗೆ ಬರಲೇಬಾರದು. ಕುದಿಸುವುದಂತೂ ಬೇಡವೇ ಬೇಡ. ಮೈ ಸರಿಯಿಲ್ಲ ಅನಿಸಿದರೆ ಡಾಕ್ಟರಿಗೆ ಮೊದಲ ಮಾತೇ ‘ಮನೆಯಲ್ಲಿ ಹವಳದ ತೊಟ್ಟಿ ಉಂಟು’ ಎಂದಿರಲಿ.

ಆ ಜ್ವರದ ದಿನದಿಂದ ಆ ಮನೆಯಲ್ಲಿ ಮಾತು ಕಡಿಮೆಯಾಗಿತ್ತು. ‘ಇದು ಇರಬೇಕು, ಇಲ್ಲ ನಾವಿರಬೇಕು. ಮಕ್ಕಳನ್ನು ಕರಕೊಂಡು ಊರಿಗೆ ಹೋಗ್ತೇನೆ’ ಎಂದು ಆಕೆ ಹೇಳಿಬಿಟ್ಟಿದ್ದರು. ಮನೆಗೆ ಬಂದ ಹಿರಿಯರು ಎಂಬ ನೆಲೆಯಲ್ಲಿ ಇಬ್ಬರನ್ನೂ ಕೂರಿಸಿದೆವು. ಅವನ ಮಾತನ್ನೂ ಕೇಳಬೇಕಲ್ಲವಾ? ಹೆಂಡತಿ ಮಕ್ಕಳು ಬರುವ ಮೊದಲು ಏಳು ವರ್ಷ ಅವನು ಅಲ್ಲಿ ಒಬ್ಬನೇ ಇದ್ದ. ಡ್ಯೂಟಿ ಮುಗಿಸಿ ಬಂದರೆ ನಾಲ್ಕು ಗೋಡೆ, ಒಂದು ಮೊಬೈಲು. ಆಗ ಹಿಡಿದ ಹವ್ಯಾಸ ಇದು. ‘ನನ್ನ ಹತ್ತಿರ ಬೀಡಿ ಇಲ್ಲ, ಸಿನಿಮಾ ಇಲ್ಲ, ಇದೊಂದೇ’ ಅಂದ.

ಕಡೆಗೆ ಆಕೆ ಮೂರು ಷರತ್ತು ಹಾಕಿದರು. ಗುಂಡಿ ಹವಳ ಪೂರ್ತಿ ಮನೆಯಿಂದ ಹೊರಗೆ ಹೋಗಬೇಕು. ಆರು ತಿಂಗಳು ಒಂದು ದಿರ್ಹಮ್ಮೂ ಹೊಸ ಹವಳಕ್ಕೆ ಹೋಗಬಾರದು. ನೀರಿಗೆ ಕೈ ಹಾಕುವ ಮೊದಲು ಎಲ್ಲವೂ ಕಾಗದದ ಮೇಲೆ ಬರಬೇಕು. ಮೂರನೆಯದು ನಮಗೆ ಬಹಳ ಹಿಡಿಸಿತು.

ಕಾಗದದ ಮೇಲೆ ತೊಟ್ಟಿ

ಶುಕ್ರವಾರ ಮಧ್ಯಾಹ್ನ ಊಟ ಆದ ಮೇಲೆ ನೆಲಕ್ಕೆ ಒಂದು ಹಳೆಯ ರಟ್ಟಿನ ಡಬ್ಬಿ ಬಿಡಿಸಿ ಹಾಸಿದೆವು. ಅದರ ಮೇಲೆ ತೊಟ್ಟಿಯ ತಳದ ಅಳತೆ, ಉದ್ದ 120, ಅಗಲ 60 ಸೆಂಟಿಮೀಟರ್. ಇನ್ನೊಂದು ರಟ್ಟಿನಲ್ಲಿ ಎದುರಿನಿಂದ ಕಾಣುವ ನೋಟ, ಎತ್ತರವೂ 60. ಇಷ್ಟು ಅಳತೆಯ ತೊಟ್ಟಿಯಲ್ಲಿ 432 ಲೀಟರ್ ಹಿಡಿಯುತ್ತದೆ. ಕಲ್ಲು, ಮರಳು ಹಾಕಿದ ಮೇಲೆ ನೀರು ಅದಕ್ಕಿಂತ ಕಡಿಮೆ.

ಸೊಸೆಗೆ ಕತ್ತರಿ ಕೊಟ್ಟೆವು. ಒಂದೊಂದು ಹವಳಕ್ಕೆ ಒಂದೊಂದು ವೃತ್ತ ಕತ್ತರಿಸಬೇಕು. ಈಗಿರುವ ಅಳತೆಗಲ್ಲ, ಎರಡು ವರ್ಷ ಬಿಟ್ಟು ಎಷ್ಟು ದೊಡ್ಡದಾಗುತ್ತದೋ ಅಷ್ಟು. ಅದರ ಸುತ್ತ ಇನ್ನೊಂದು ಗೆರೆ, ರಾತ್ರಿ ಅದರ ನೂಲು ಎಲ್ಲಿವರೆಗೆ ಮುಟ್ಟುತ್ತದೋ ಅಲ್ಲಿವರೆಗೆ. ಬೆರಳಿನಷ್ಟು ದೊಡ್ಡ ತುಂಡಿಗೆ ತಟ್ಟೆಯಷ್ಟು ದೊಡ್ಡ ವೃತ್ತ ಕತ್ತರಿಸುವಾಗ ಅವಳಿಗೆ ಆಶ್ಚರ್ಯ. ಹನ್ನೊಂದು ವೃತ್ತ ರಟ್ಟಿನ ಮೇಲೆ ಇಟ್ಟು ನೋಡಿದರೆ ಒಂದರ ಮೇಲೊಂದು ಬಿದ್ದು ಹೊರಗೆ ಚೆಲ್ಲುತ್ತಿದ್ದವು. ತಂದೆ ಬಹಳ ಹೊತ್ತು ಸುಮ್ಮನೆ ನೋಡಿದ. ಅಂಗಡಿಯಲ್ಲಿ ದುಡ್ಡು ಕೊಡುವ ಮೊದಲು ಇದನ್ನು ಮಾಡಿದ್ದರೆ ಐದು ತುಂಡಿನ ದುಡ್ಡು ಉಳಿಯುತ್ತಿತ್ತು.

ನಮಗೆ ಇದರಲ್ಲಿ ಹೊಸತೇನೂ ಕಾಣಲಿಲ್ಲ. ಮದ್ರಸದಲ್ಲಿ ಮಕ್ಕಳನ್ನು ಕೂರಿಸುವುದೂ ಹೀಗೆಯೇ. ಒಬ್ಬನಿಗೆ ಕಣ್ಣು ಮಂಜು, ಅವನು ಬೋರ್ಡಿನ ಹತ್ತಿರ ಇರಬೇಕು. ಒಬ್ಬನಿಗೆ ಫ್ಯಾನಿನ ಗಾಳಿ ಆಗುವುದಿಲ್ಲ. ಇನ್ನಿಬ್ಬರು ಒಳ್ಳೆಯವರೇ, ಆದರೆ ಪಕ್ಕ ಪಕ್ಕ ಕೂತರೆ ಇಡೀ ತರಗತಿ ಹಾಳು. ವರ್ಷದ ಮೊದಲ ವಾರ ಇದನ್ನು ಸರಿ ಮಾಡದಿದ್ದರೆ ಇಡೀ ವರ್ಷ ಬೆತ್ತ ಹಿಡಿದು ಓಡಾಡಬೇಕು. ಹವಳಕ್ಕೂ ಕೇಳಬೇಕಾದ ಪ್ರಶ್ನೆ ಅವೇ: ಬೆಳಕು ಎಷ್ಟು, ನೀರಿನ ಸೆಳೆತ ಎಷ್ಟು, ಪಕ್ಕದಲ್ಲಿ ಯಾರು, ನಾಳೆ ಎಷ್ಟು ಬೆಳೆಯುತ್ತದೆ.

ಮೊದಲು ಕಲ್ಲು

ಹವಳಕ್ಕೆ ಜಾಗ ಹುಡುಕುವುದು ಕಲ್ಲಿನಿಂದ ಶುರುವಾಗುತ್ತದೆ. ಇವನು ಗೋಡೆ ಕಟ್ಟಿದ ಹಾಗೆ ಹಿಂದಿನ ಗಾಜಿಗೆ ತಾಗಿಸಿ ಕಲ್ಲು ಪೇರಿಸಿದ್ದ. ನೋಡಲಿಕ್ಕೆ ಭರ್ಜರಿ. ಆದರೆ ಹಿಂದೆ ನೀರು ಓಡುವುದಿಲ್ಲ, ಮೀನಿನ ಹೇಲು, ಉಳಿದ ಆಹಾರ ಅಲ್ಲೇ ಕೊಳೆಯುತ್ತದೆ. ಗಾಜು ಒರೆಸಲು ಕೈ ಹೋಗುವುದಿಲ್ಲ. ಹೊಸ ನಕ್ಷೆಯಲ್ಲಿ ಗೋಡೆ ತೆಗೆದು ಎರಡು ದಿಬ್ಬ ಮಾಡಿದೆವು, ಎಡಕ್ಕೆ ದೊಡ್ಡದು, ಬಲಕ್ಕೆ ಚಿಕ್ಕದು, ನಡುವೆ ನೀರಿಗೆ ದಾರಿ. ನಾಲ್ಕೂ ಕಡೆ ಗಾಜಿಗೂ ಕಲ್ಲಿಗೂ ನಡುವೆ ಒಂದು ಗೇಣಿನಷ್ಟು ಸಂದು.

ಕಲ್ಲು ಮರಳಿನ ಮೇಲೆ ಕೂರಬಾರದು, ತಳದ ಮೇಲೆ ಗಟ್ಟಿಯಾಗಿ ಕೂರಬೇಕು. ಮರಳು ಆಮೇಲೆ ಸುತ್ತ ಹಾಕುವುದು. ಮರಳು ತೋಡುವ ಮೀನುಗಳಿದ್ದರೆ ಅಡಿಯಿಂದ ಮರಳು ಸರಿದು ದಿಬ್ಬವೇ ಗಾಜಿನ ಮೇಲೆ ಬೀಳಬಹುದು. ದಿಬ್ಬಗಳಲ್ಲಿ ಮೂರು ಮಟ್ಟದ ಕಟ್ಟೆಗಳನ್ನು ಬಿಟ್ಟೆವು: ಕೆಳಗೆ, ನಡುವೆ, ಮೇಲೆ.

ಹೊಸದಾಗಿ ತೊಟ್ಟಿ ಕಟ್ಟುವವರು ಕಲ್ಲು ಇಟ್ಟ ಕೂಡಲೇ ಹವಳ ತರಬಾರದು. ಕೊಳೆತದ್ದರಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಸೂಕ್ಷ್ಮಜೀವಿಗಳು ಕಲ್ಲಿನಲ್ಲಿ ಮನೆ ಮಾಡಬೇಕು. ಅದಕ್ಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ನಲ್ಲಿ ನೀರನ್ನು ನೇರ ಹಾಕುವಂತಿಲ್ಲ, ಶುದ್ಧ ಮಾಡಿದ ನೀರಿಗೆ ಸಮುದ್ರದ ಉಪ್ಪು ಬೆರೆಸಿ ಸಾಂದ್ರತೆ 1.025ಕ್ಕೆ ತರಬೇಕು. ಶಾಖ 25–26 ಡಿಗ್ರಿ.

ಬೆಳಕು, ಸೆಳೆತ

ಹವಳ ಪ್ರಾಣಿ ಹೌದು, ಆದರೆ ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಬಾಡಿಗೆಗೆ ಇರುತ್ತದೆ. ಆ ಪಾಚಿ ಬೆಳಕಿನಿಂದ ಸಕ್ಕರೆ ಮಾಡಿ ಹವಳಕ್ಕೆ ಕೊಡುತ್ತದೆ. ಹವಳದ ಹೊಟ್ಟೆ ತುಂಬುವುದು ಹೆಚ್ಚಾಗಿ ಇದರಿಂದ. ಸೊಸೆ ಹೇಳಿದ ರಾತ್ರಿ ಊಟ ಅದರ ಮೇಲಿನ ಪಲ್ಯ ಇದ್ದ ಹಾಗೆ. ಆದ್ದರಿಂದ ಬೆಳಕು ಲೆಕ್ಕಕ್ಕೆ ಬರುತ್ತದೆ.

ಆ ಬೆಳಕನ್ನು ಅಳೆಯಲು ಪಾರ್ ಮೀಟರ್ ಎಂಬ ಉಪಕರಣ ಉಂಟು. ಬೆಲೆ ಹೆಚ್ಚು. ಇವನು ಗೆಳೆಯನಿಂದ ಒಂದು ದಿನಕ್ಕೆ ಎರವಲು ತಂದ. ನೀರಿನೊಳಗೆ ಅಲ್ಲಲ್ಲಿ ಹಿಡಿದು, ಬಂದ ಸಂಖ್ಯೆಯನ್ನು ರಟ್ಟಿನ ಮೇಲೆ ಬರೆದೆವು. ದೀಪದ ಕೆಳಗೆ ಮೇಲಿನ ಕಟ್ಟೆಯಲ್ಲಿ 280, ನಡುವೆ 150, ಮರಳಿನ ಹತ್ತಿರ ಮೂಲೆಯಲ್ಲಿ 60. ಅಂದಾಜಿಗೆ ಹೇಳುವುದಾದರೆ ಅಣಬೆ ಹವಳಕ್ಕೆ 50ರಿಂದ 100 ಸಾಕು. ಹ್ಯಾಮರ್, ಮಿದುಳು ಹವಳದಂಥ ದೊಡ್ಡ ಬಾಯಿಯವಕ್ಕೆ 75ರಿಂದ 150. ಆಕ್ರೊಪೊರಾದಂಥ ಕೊಂಬೆ ಹವಳಕ್ಕೆ 200ರ ಮೇಲೆ ಬೇಕು. ಇವನು ಅಣಬೆ ಹವಳವನ್ನು ಬಣ್ಣ ಚೆಂದ ಎಂದು ತುದಿಯಲ್ಲಿಟ್ಟಿದ್ದ, ಅದು ಮುದುಡಿ ರೂಪಾಯಿ ನಾಣ್ಯದಷ್ಟಾಗಿತ್ತು. ಕೆಳಗಿನ ಮೂಲೆಗೆ ಇಳಿಸಿದ ವಾರದೊಳಗೆ ಅಂಗೈಯಷ್ಟು ಅಗಲಕ್ಕೆ ಬಿಚ್ಚಿಕೊಂಡಿತು.

ಅಂಗಡಿಯಿಂದ ತಂದ ಹವಳ ಎಷ್ಟೇ ಬೆಳಕು ಬೇಕಾದದ್ದಾದರೂ ಮೊದಲು ಕೆಳಗೆ ಇಡಬೇಕು. ಎರಡು ಮೂರು ವಾರದಲ್ಲಿ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ತರಬೇಕು. ಊರಿಂದ ಹೊಸದಾಗಿ ಬಂದವನನ್ನು ಜೂನ್ ತಿಂಗಳ ಬಿಸಿಲಿಗೆ ಕೆಲಸಕ್ಕೆ ನಿಲ್ಲಿಸಿದರೆ ಏನಾಗುತ್ತದೋ ಅದೇ ಇಲ್ಲೂ ಆಗುತ್ತದೆ.

ಇನ್ನು ನೀರಿನ ಸೆಳೆತ. ಹವಳಕ್ಕೆ ಕಾಲಿಲ್ಲ, ಅದರ ಊಟ ಬರುವುದೂ ಕೊಳೆ ಹೋಗುವುದೂ ನೀರಿನ ಜೊತೆಗೆ. ತರತರದ ಹವಳ ಇರುವ ತೊಟ್ಟಿಗೆ ಗಂಟೆಗೆ ಅದರ ನೀರಿನ 20ರಿಂದ 30 ಪಟ್ಟು ಓಡಿಸುವ ಪಂಪುಗಳನ್ನು ಇಡುವುದು ವಾಡಿಕೆ. ಆದರೆ ಪಂಪಿನ ಬಾಯಿ ಯಾವ ಹವಳಕ್ಕೂ ನೇರ ಗುರಿ ಇಡಬಾರದು. ಹ್ಯಾಮರ್ ಹವಳದ ತೋಳುಗಳು ಗದ್ದೆಯ ಪೈರಿನಂತೆ ತೂಗಬೇಕು. ಒಂದೇ ಕಡೆಗೆ ಬಾಗಿ ನಡುಗುತ್ತಿದ್ದರೆ ಸೆಳೆತ ಹೆಚ್ಚಾಯಿತು ಎಂದೇ ಅರ್ಥ. ಎರಡು ಪಂಪುಗಳನ್ನು ಎದುರು ಬದುರು ತಿರುಗಿಸಿ, ಹೊಡೆತ ಗಾಜಿಗೆ ಬಡಿದು ಮುರಿದು ಹರಡುವಂತೆ ಮಾಡಿದೆವು.

ಯಾರ ಪಕ್ಕ ಯಾರು

ಈಗ ಕಷ್ಟದ ಭಾಗ. ಬದುಕಿ ಉಳಿದದ್ದು ಆರು. ಗುಂಡಿ ಹವಳ ಬಿಟ್ಟರೆ ಐದು: ಗೆಲಾಕ್ಸಿಯಾ, ಹ್ಯಾಮರ್, ಒಂದು ಮಿದುಳು ಹವಳ, ಕೊಡೆಯಂಥ ಒಂದು ತೊಗಲು ಹವಳ, ಅಣಬೆ.

ಗೆಲಾಕ್ಸಿಯಾಕ್ಕೆ ಬಲದ ಚಿಕ್ಕ ದಿಬ್ಬವನ್ನು ಪೂರ್ತಿ ಬಿಟ್ಟುಕೊಟ್ಟೆವು. ಅದರ ನೂಲು ಒಂದು ಅಡಿಯ ಹತ್ತಿರ ಹೋಗುತ್ತದೆ, ಅದರಲ್ಲೂ ಸೆಳೆತ ಹೋಗುವ ದಿಕ್ಕಿಗೆ ಹೆಚ್ಚು. ಹಾಗಾಗಿ ಅಂತರ ಅಳೆಯುವಾಗ ನೀರು ಎತ್ತ ಹರಿಯುತ್ತದೆ ಎಂದು ನೋಡಬೇಕು. ಗೆಲಾಕ್ಸಿಯಾದಿಂದ ಹೊರಟ ನೀರು ಇನ್ನೊಂದು ಹವಳದ ಮೇಲೆ ಹಾಯುವಂತೆ ಇರಬಾರದು.

ಹ್ಯಾಮರಿಗೆ ದೊಡ್ಡ ದಿಬ್ಬದ ನಡುಕಟ್ಟೆ, ಸುತ್ತ 15 ಸೆಂಟಿಮೀಟರ್ ಬಯಲು. ಫ್ರಾಗ್‌ಸ್ಪಾನ್ ಎಂಬುದು ಅದರ ಹತ್ತಿರದ ನಂಟ, ಅವೆರಡು ಸಾಮಾನ್ಯವಾಗಿ ಪಕ್ಕದಲ್ಲಿದ್ದರೂ ಜಗಳವಿಲ್ಲ. ಟಾರ್ಚ್ ಎಂಬುದೂ ನಂಟನೇ, ಆದರೆ ಅದು ಹ್ಯಾಮರನ್ನು ಸುಡುತ್ತದೆ. ನಂಟಸ್ತಿಕೆ ನೋಡಿ ಪಕ್ಕದಲ್ಲಿ ಕೂರಿಸಿದರೆ ಯಾವಾಗಲೂ ಸರಿಯಾಗುವುದಿಲ್ಲ, ಇದು ನಮಗೆ ಮದುವೆ ಊಟದ ಹಂತಿಯಲ್ಲೂ ಗೊತ್ತಿರುವ ವಿಷಯ.

ಮಿದುಳು ಹವಳವೂ ರಾತ್ರಿ ನೂಲು ಬಿಡುವ ಜಾತಿ. ಅದಕ್ಕೆ ಎಡ ಮೂಲೆಯ ಕೆಳಕಟ್ಟೆ. ತೊಗಲು ಹವಳ ಮೆತ್ತಗೆ, ಚುಚ್ಚುವುದಿಲ್ಲ. ಆದರೆ ಅದು ಒಂದು ಅಡಿ ಅಗಲದ ಕೊಡೆಯಾಗಿ ಬೆಳೆದು ಅಡಿಯಲ್ಲಿದ್ದವರ ಬೆಳಕು ಕಸಿಯುತ್ತದೆ, ನೀರಿಗೆ ವಿಷವನ್ನೂ ಬಿಡುತ್ತದೆ. ಅದನ್ನು ಹಿಂದೆ, ನೀರು ಹೊರಗೆ ಹೋಗುವ ಕಡೆ ಇಟ್ಟು, ಫಿಲ್ಟರಿನಲ್ಲಿ ಆ ವಿಷ ಹೀರುವ ಇದ್ದಿಲು ಹಾಕಿ ತಿಂಗಳಿಗೊಮ್ಮೆ ಬದಲಿಸುವುದೆಂದು ಬರೆದಿಟ್ಟೆವು.

ಹಬ್ಬುವ ಜಾತಿಯ ಬಗ್ಗೆಯೂ ಒಂದು ಮಾತು. ಗ್ರೀನ್ ಸ್ಟಾರ್ ಪಾಲಿಪ್, ಝೆನಿಯಾ ಎಂಬವು ಹೊಸಬರಿಗೆ ಸುಲಭ ಎಂದು ಅಂಗಡಿಯವರು ಮೊದಲು ಕೊಡುತ್ತಾರೆ. ಸುಲಭ ನಿಜ, ತೋಟಕ್ಕೆ ಕಳೆ ಬಂದಷ್ಟೇ ಸುಲಭ. ಮುಖ್ಯ ದಿಬ್ಬಕ್ಕೆ ಅಂಟಿಸಿದರೆ ವರ್ಷದಲ್ಲಿ ದಿಬ್ಬವೇ ಅವುಗಳದ್ದು. ಬೇಕಿದ್ದರೆ ಮರಳಿನ ನಡುವೆ ಬೇರೆ ಕಲ್ಲಿನ ಮೇಲೆ ಇಡಬೇಕು.

ಆಕ್ರೊಪೊರಾ ತರುವ ಆಸೆ ಇವನಿಗೆ ಬಹಳ ಇತ್ತು. ಅದಕ್ಕೆ ನೀರಿನಲ್ಲಿ ಕ್ಷಾರ, ಕ್ಯಾಲ್ಸಿಯಂ ಏರುಪೇರಾಗದೆ ತಿಂಗಳುಗಟ್ಟಲೆ ಒಂದೇ ಮಟ್ಟದಲ್ಲಿರಬೇಕು. ಹೊಸ ತೊಟ್ಟಿಯಲ್ಲಿ ಅದು ಆಗದ ಮಾತು. ಮೇಲಿನ ಕಟ್ಟೆ ಖಾಲಿ ಬಿಡುವುದೆಂದು ತೀರ್ಮಾನವಾಯಿತು. ‘ಖಾಲಿ ಬಿಟ್ಟರೆ ಬೋಳು ಬೋಳು ಕಾಣ್ತದೆ ಭಾವ’ ಅಂದ. ಅದಕ್ಕೆ ಉತ್ತರ ಕೊಟ್ಟದ್ದು ನಾವಲ್ಲ, ಅವನ ಹೆಂಡತಿ: ‘ಐದು ಸತ್ತದ್ದು ಜಾಗ ಖಾಲಿ ಬಿಡದೆ ಅಲ್ವಾ?’ ಆ ತೊಟ್ಟಿಯ ವಿಷಯದಲ್ಲಿ ಅವರು ಬಹಳ ದಿನದ ಮೇಲೆ ಆಡಿದ ಮಾತು ಅದು.

ಮುಂದಿನ ಶುಕ್ರವಾರ ಕೆಲಸ. ನೀರನ್ನು ಶುಚಿಯಾದ ಡ್ರಮ್ಮುಗಳಿಗೆ ತೆಗೆದು, ಮೀನುಗಳಿಗೆ ಗಾಳಿ ಕೊಟ್ಟು, ದಿಬ್ಬ ಕಟ್ಟಿ, ಹವಳಗಳನ್ನು ಸೂಪರ್ ಗ್ಲೂ ಜೆಲ್‌ನಿಂದ ಕೂರಿಸಿದರು. ಅಂಟು ನೀರಿನೊಳಗೂ ಹಿಡಿಯುತ್ತದೆ. ಗುಂಡಿ ಹವಳದ ಕಲ್ಲನ್ನು ಕೈಗವಸು ಕನ್ನಡಕ ಹಾಕಿ, ತಿಕ್ಕದೆ, ಒಣಗಲು ಬಿಡದೆ, ನೀರು ತುಂಬಿದ ಮುಚ್ಚಳದ ಡಬ್ಬಿಯಲ್ಲಿ ಇಟ್ಟು ಅಂಗಡಿಗೆ ವಾಪಸು ಕೊಟ್ಟು ಬಂದ. ಮಕ್ಕಳು ಆ ಹೊತ್ತು ನಮ್ಮ ಜೊತೆ ಪಾರ್ಕಿನಲ್ಲಿದ್ದರು.

ಊರಿಗೆ ಬರುವಾಗ ಏನು ಮಾಡುವುದು ಎಂಬುದನ್ನೂ ರಟ್ಟಿನ ಹಿಂಬದಿಗೆ ಬರೆದೆವು. ರಜೆಗೆ ಹೊರಡುವಾಗ ಎ.ಸಿ. ಆರಿಸಿ ಹೋಗುವುದು ನಮ್ಮವರ ರೂಢಿ. ಬೇಸಗೆಯಲ್ಲಿ ಮುಚ್ಚಿದ ಫ್ಲಾಟಿನಲ್ಲಿ ತೊಟ್ಟಿಯ ನೀರು ಕಾದು ಹವಳ ಎರಡೇ ದಿನದಲ್ಲಿ ಬಿಳುಚಬಹುದು. ನೀರು ಆವಿಯಾದಾಗ ಉಪ್ಪು ಉಳಿದು ನೀರು ಮಾತ್ರ ಹೋಗುತ್ತದೆ, ಆದ್ದರಿಂದ ತುಂಬಿಸುವುದು ಸಿಹಿನೀರು, ಉಪ್ಪುನೀರಲ್ಲ. ಪಕ್ಕದ ಫ್ಲಾಟಿನವರಿಗೆ ಕೀಲಿ ಕೊಟ್ಟು ಹೋಗುವುದಾದರೆ ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಗಾಜಿಗೆ ಅಂಟಿಸಬೇಕು.

ಊರಿಗೆ ತರಬೇಡಿ

ಹೊರಡುವ ಮುಂಚಿನ ದಿನ ಸೊಸೆ ಒಂದು ಚಿಕ್ಕ ಡಬ್ಬಿ ತಂದಳು. ಒಳಗೆ ಸತ್ತುಹೋದ ಹವಳದ ಬಿಳಿ ತುಂಡು. ‘ಮಾಮ, ಮದ್ರಸದ ಮಕ್ಕಳಿಗೆ ತೋರಿಸಿ.’ ಅಜ್ಜಿಯ ಶೋಕೇಸು ನೆನಪಾಗಿ ನಮ್ಮ ಕೈ ಮುಂದೆ ಹೋಯಿತು. ಅವಳ ತಂದೆ ತಡೆದ.

ಇದನ್ನು ಗಲ್ಫ್‌ನಿಂದ ಬರುವ ಪ್ರತಿಯೊಬ್ಬರೂ ತಿಳಿದಿರಬೇಕು. ನಮ್ಮ ದೇಶದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಗೆ 2001ರಲ್ಲಿ ಎಲ್ಲ ಗಟ್ಟಿ ಹವಳಗಳನ್ನೂ, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಸಮುದ್ರದ ಬೀಸಣಿಗೆಗಳನ್ನೂ ಸೇರಿಸಿದ್ದಾರೆ. ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ. ಜೀವಂತವೋ ಸತ್ತದ್ದೋ ಎಂಬ ಭೇದವಿಲ್ಲ. ಮೊದಲನೇ ಪಟ್ಟಿಯ ಜೀವಿಯ ವಿಷಯದಲ್ಲಿ ಅಪರಾಧ ಸಾಬೀತಾದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಒಂದು ದೇಶದಿಂದ ಇನ್ನೊಂದಕ್ಕೆ ಗಟ್ಟಿ ಹವಳ ಸಾಗಿಸಲು ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಪರವಾನಗಿ ಪತ್ರವೂ ಬೇಕು. ಸಾಬೂನು, ಟ್ಯಾಂಗ್ ಡಬ್ಬದ ನಡುವೆ ಚೆಂದಕ್ಕೆಂದು ಇಟ್ಟ ಒಂದು ತುಂಡು ವಿಮಾನ ನಿಲ್ದಾಣದಲ್ಲಿ ದೊಡ್ಡ ಕೇಸಾಗಬಹುದು. ಯು.ಎ.ಇ.ಯಲ್ಲಿಯೂ ಸಮುದ್ರದಿಂದ ಹವಳ ಕಿತ್ತು ತರುವುದು ಅಪರಾಧ. ಅಲ್ಲಿನ ಅಂಗಡಿಗಳಲ್ಲಿ ಕೊಳ್ಳುವವರು ಸಾಕಣೆಯಲ್ಲಿ ಬೆಳೆಸಿದ ತುಂಡನ್ನೇ ಕೇಳಿ ಪಡೆಯುವುದು ಒಳ್ಳೆಯದು.

ಕಾನೂನು ಸುಮ್ಮನೆ ಬಂದದ್ದಲ್ಲ. ನಮಗೆ ಹತ್ತಿರದ ದೊಡ್ಡ ಹವಳದ ನಾಡು ಲಕ್ಷದ್ವೀಪ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರ ತನಕ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಆ ದ್ವೀಪಗಳ ನೆಲವೇ ಹವಳ. ಹವಳ ಕಟ್ಟಿದ ಗೋಡೆಯೇ ಅಲೆಯನ್ನು ತಡೆದು ಅಲ್ಲಿನ ಮನೆ, ತೆಂಗು, ಬಾವಿಯ ಸಿಹಿನೀರನ್ನು ಉಳಿಸಿದೆ. ಸಮುದ್ರ ಕಾದಾಗ ಹವಳ ತನ್ನೊಳಗಿನ ಪಾಚಿಯನ್ನು ಹೊರಗೆ ಹಾಕಿ ಬಿಳುಚುತ್ತದೆ, ಬಿಸಿ ಇಳಿಯದಿದ್ದರೆ ಹಸಿದು ಸಾಯುತ್ತದೆ. 1998, 2010, 2016ರಲ್ಲಿ ಲಕ್ಷದ್ವೀಪದಲ್ಲಿ ಹೀಗಾಯಿತು. ನಮ್ಮ ಕರಾವಳಿಯಲ್ಲೂ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳ ಉಂಟು. ನೋಡಬೇಕು ಎನ್ನುವವರು ಅಲ್ಲಿಗೆ ಹೋಗಿ ನೋಡಿ ಬರಬಹುದು, ಮುಟ್ಟದೆ.

ನಾವು ಡಬ್ಬಿಯನ್ನು ಸೊಸೆಗೆ ಮರಳಿಸಿ, ಬದಲಿಗೆ ಅವಳು ಕತ್ತರಿಸಿದ ರಟ್ಟಿನ ವೃತ್ತಗಳನ್ನು ಕೇಳಿ ತಂದೆವು. ಈಗ ಅವು ನಮ್ಮ ತರಗತಿಯ ಕಪಾಟಿನಲ್ಲಿವೆ. ಮಳೆಗಾಲದಲ್ಲಿ ಪಾಠ ಬೇಗ ಮುಗಿದ ದಿನ ಮಕ್ಕಳಿಗೆ ಕೊಟ್ಟು, ನೆಲದ ಮೇಲೆ ಸೀಮೆಸುಣ್ಣದಲ್ಲಿ ತೊಟ್ಟಿ ಬರೆದು, ‘ಯಾರೂ ಯಾರಿಗೂ ತಾಗದ ಹಾಗೆ ಕೂರಿಸಿ ನೋಡುವಾ’ ಎನ್ನುತ್ತೇವೆ. ಸುಲಭವಲ್ಲ ಎಂದು ಐದು ನಿಮಿಷದಲ್ಲಿ ಅವರಿಗೇ ತಿಳಿಯುತ್ತದೆ.

ಮೊನ್ನೆ ಫೋನ್ ಬಂತು. ಹ್ಯಾಮರಿನ ಎರಡು ತಲೆ ಮೂರಾಗಿವೆಯಂತೆ. ಆರು ತಿಂಗಳ ಷರತ್ತು ಮುಗಿದು ಮೂರು ವಾರ ಆಗಿದೆ, ಮೇಲಿನ ಕಟ್ಟೆ ಇನ್ನೂ ಖಾಲಿ. ‘ಹೊಸತು ತರಲಿಲ್ಲವಾ?’ ಎಂದು ಕೇಳಿದೆವು. ‘ರಟ್ಟಿನ ಮೇಲೆ ಇಟ್ಟು ನೋಡಿದೆ ಭಾವ, ಸರಿ ಕೂರಲಿಲ್ಲ’ ಅಂದ. ಹಿಂದಿನಿಂದ ಅವನ ಹೆಂಡತಿಯ ಸ್ವರ ಕೇಳಿತು: ‘ಟಿಕೆಟ್ ಆಯ್ತು ಎಂದು ಹೇಳಿ ಅವರಿಗೆ. ಮುಂದಿನ ತಿಂಗಳು ಬರ್ತೇವೆ. ಪಕ್ಕದ ಮನೆಯವರಿಗೆ ಸಿಹಿನೀರಿನ ವಿಷಯ ನಾನೇ ಹೇಳಿಕೊಟ್ಟಿದ್ದೇನೆ.’